ಟಂಕಾರವಿಲ್ಲದ ಬಿಲ್ಲು: ಸಿಂದಗಿ ಬಯಲಿನ ಬೇಟೆಯ ಇತಿಹಾಸ

ಬಿಲ್ಲು ಅಂದ ಕೂಡಲೇ ನಮಗೆ ಮೊದಲು ನೆನಪಾಗುವುದು ಅದರ ಸದ್ದು. ಗಾಂಡೀವದ ಟಂಕಾರಕ್ಕೆ ದಿಕ್ಕುಗಳು ನಡುಗುತ್ತವೆ, ಆನೆಗಳು ಬೆದರುತ್ತವೆ, ಎದುರಿನ ಸೇನೆ ಎದೆಗೆಡುತ್ತದೆ. ಕಾವ್ಯದಲ್ಲಾಗಲಿ, ಬಯಲಾಟದಲ್ಲಾಗಲಿ, ಸಿನಿಮಾದಲ್ಲಾಗಲಿ ಹೆದೆ ಮಿಡಿದು ಸದ್ದು ಮಾಡದ ವೀರನನ್ನು ಹುಡುಕಿ ತೆಗೆಯಬೇಕು. ಈಗ ಆ ಟಂಕಾರದ ವೀರನನ್ನು ಸಿಂದಗಿ ಕಡೆಯ ಎರಿ ಹೊಲದಲ್ಲಿ, ಚಿಗರಿ ಹಿಂಡಿನ ಮುಂದೆ ನಿಲ್ಲಿಸಿ. ಒಂದು ಟಂಕಾರ ಸಾಕು, ಹಿಂಡು ಭೀಮಾ ಹೊಳೆ ದಾಟಿ ಅಫಜಲಪುರ ಸೇರಿರುತ್ತದೆ.

ಇವತ್ತಿನ ವಿಡಿಯೋ ಆ ಸದ್ದಿನ ಬಗ್ಗೆ. ಯುದ್ಧದ ಬಿಲ್ಲು ಎಷ್ಟಾದರೂ ಗದ್ದಲ ಮಾಡಲಿ, ಬೇಟೆಯ ಬಿಲ್ಲು ಬಾಯಿ ಬಿಡುವಂತಿಲ್ಲ. ತುದಿ ಮುಂದಕ್ಕೆ ಬಾಗಿದ ಬಿಲ್ಲನ್ನು ಈಗ ರಿಕರ್ವ್ ಅನ್ನುತ್ತೇವೆ. ಅದು ಈ ಸೀಮೆಯಲ್ಲಿ ಹೇಗೆ ಬೇರೂರಿತು, ಯಾಕೆ ಸದ್ದು ಮಾಡುತ್ತದೆ, ಅದನ್ನು ಸುಮ್ಮನಿರಿಸುವುದು ಹೇಗೆ, ಕೊನೆಗೆ ಬೇಟೆಯಿಂದ ಯಾಕೆ ಮರೆಯಾಯಿತು, ಇಷ್ಟನ್ನೂ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಂದು ಭಾರತದಲ್ಲಿ ಕಾಡುಪ್ರಾಣಿಯ ಬೇಟೆ ಅಪರಾಧ. ಇದು ಇತಿಹಾಸದ ಪಾಠ, ಶಿಕಾರಿಯ ಪಾಠ ಅಲ್ಲ.

ಮೊದಲು ನೆಲ ನೋಡಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಮೇಲೆ ಭೀಮಾ, ಕೆಳಗೆ ಕೃಷ್ಣಾ, ನಡುವೆ ಡೋಣಿ. ಬಿಳಿಜೋಳ, ತೊಗರಿ, ಕಡಲೆ ಬೆಳೆಯುವ ಕಪ್ಪು ಬಯಲು. ಮಲೆನಾಡಿನ ಬೇಟೆಗಾರನಿಗೆ ಹೆಜ್ಜೆಗೊಂದು ಮರದ ಮರೆ ಸಿಗುತ್ತದೆ. ಇಲ್ಲಿ ಸುಗ್ಗಿ ಮುಗಿದ ಮೇಲೆ ಉಳಿಯುವುದು ಒಂದು ಬದು, ಒಂದು ಜಾಲಿ ಗಿಡ, ಒಂದು ಹಳ್ಳದ ದಂಡೆ. ಪುಸ್ತಕದವರು ಕೃಷ್ಣಮೃಗ ಅನ್ನುವ ಚಿಗರಿ ಇಂಥ ಬಯಲಿಗೇ ಹೇಳಿ ಮಾಡಿಸಿದ ಪ್ರಾಣಿ. ಕಣ್ಣು ಚುರುಕು, ಕಾಲು ಅದಕ್ಕಿಂತ ಚುರುಕು. ಅದರ 20 ಮೀಟರ್ ಹತ್ತಿರಕ್ಕೆ ಹೋಗುವುದೇ ಅರ್ಧ ದಿನದ ಕೆಲಸ.

ಹೋದರು ಅಂತಲೇ ಇಟ್ಟುಕೊಳ್ಳಿ. ಈಗ ಲೆಕ್ಕ ಮಾಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಳ್ಳೆಯ ಬೇಟೆ ಬಿಲ್ಲಿನ ಬಾಣ ಸುಮಾರು 50 ಮೀಟರ್. 20 ಮೀಟರ್ ದೂರಕ್ಕೆ ಬಾಣಕ್ಕೆ 0.4 ಸೆಕೆಂಡ್ ಬೇಕು, ಸದ್ದಿಗೆ 0.06 ಸಾಕು. ಅಂದರೆ ಹೆದೆಯ ಸದ್ದು ಕಿವಿಗೆ ಬಿದ್ದ ಮೇಲೂ ಪ್ರಾಣಿಯ ಕೈಯಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ಉಳಿದಿರುತ್ತದೆ. ನಮಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬೆದರಿದ ಜಿಂಕೆ ಅಷ್ಟರಲ್ಲಿ ನೆಗೆಯಲು ಮೈ ಕುಗ್ಗಿಸಿರುತ್ತದೆ, ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ಇಲ್ಲವೇ ಬೀಳಬಾರದ ಜಾಗದಲ್ಲಿ ಬಿದ್ದು ಪ್ರಾಣಿ ನರಳುತ್ತದೆ. ಬೇಟೆಗಾರನಿಗೆ ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡ ನಾಚಿಕೆ.

ಇಷ್ಟಕ್ಕೂ ಬಿಲ್ಲು ಯಾಕೆ ಸದ್ದು ಮಾಡುತ್ತದೆ? ಹೆದೆ ಎಳೆದಾಗ ತೋಳಿನ ಶಕ್ತಿ ಬಿಲ್ಲಿನ ಎರಡು ಬಾಹುಗಳಲ್ಲಿ ಕೂಡಿಡಲ್ಪಡುತ್ತದೆ. ಬಿಟ್ಟಾಗ ಅದರ ಬಹುಪಾಲು ಬಾಣದ ಜೊತೆ ಹೋಗುತ್ತದೆ. ಹೋಗದೆ ಉಳಿದದ್ದು ಬಾಹುವಿನಲ್ಲಿ, ಹೆದೆಯಲ್ಲಿ ನಡುಗುತ್ತದೆ. ಆ ನಡುಕವೇ ಕವಿಗಳು ಹಾಡಿ ಹೊಗಳಿದ ಟಂಕಾರ. ಸರಿಯಾಗಿ ನೋಡಿದರೆ ಟಂಕಾರ ಅಂದರೆ ಬಾಣಕ್ಕೆ ದಕ್ಕದೆ ಪೋಲಾದ ಶಕ್ತಿ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಟ್ಟರೆ ಅಷ್ಟೂ ಶಕ್ತಿ ಬಿಲ್ಲಿನ ಮೇಲೆಯೇ ತಿರುಗಿ ಬಿದ್ದು, ಬಿಲ್ಲು ಸೀಳಬಹುದು. ಪೌರಾಣಿಕ ಸಿನಿಮಾದ ವೀರರು ಇದನ್ನೇ ದಿನವಿಡೀ ಮಾಡುತ್ತಾರೆ, ಅವರ ಬಿಲ್ಲುಗಳಿಗೆ ದೇವರೇ ಗತಿ.

ಈಗ ಹಿಂದಕ್ಕೆ ಹೋಗೋಣ. ಅಲೆಕ್ಸಾಂಡರನ ಜೊತೆ ಬಂದಿದ್ದ ನಿಯಾರ್ಕಸ್ ಕಂಡ ಭಾರತದ ಬಿಲ್ಲು ಆಳುದ್ದ. ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಎಳೆಯುತ್ತಿದ್ದರಂತೆ. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲಿಗೆ ನಾಲ್ಕು ಬಗೆಯ ವಸ್ತು ಹೇಳುತ್ತದೆ: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಹೇಳುವ ಪಟ್ಟಿ ಇನ್ನೂ ಕುತೂಹಲದ್ದು. ಅದರಲ್ಲಿ ಸೆಣಬು ಇದೆ, ಬಿದಿರಿನ ಸೀಳಿದೆ, ಪ್ರಾಣಿಯ ನರ ಇದೆ, ಎಕ್ಕೆಯ ನಾರೂ ಇದೆ. ಹೌದು, ಸಿಂದಗಿ ರಸ್ತೆಯ ಎರಡೂ ಬದಿಗೆ ಬೆಳೆದು ನಿಂತಿರುವ ಅದೇ ಎಕ್ಕೆ ಗಿಡ, ನಾವು ಹನುಮಪ್ಪನಿಗೆ ಹಾರ ಹಾಕುವ ಎಕ್ಕೆ. ಅದರ ಕಾಂಡದ ಸಿಪ್ಪೆ ಸುಲಿದು ಒಣಗಿಸಿ ಹೊಸೆದರೆ ನಯವಾದ, ಗಟ್ಟಿಯಾದ ಹುರಿ ಬರುತ್ತದೆ.

ಕನ್ನಡದಲ್ಲಿ ಬೇಟೆಯನ್ನು ವಿವರವಾಗಿ ಬರೆದವನು ಪಂಪ. 941ರ ಸುಮಾರಿಗೆ ಬರೆದ ವಿಕ್ರಮಾರ್ಜುನ ವಿಜಯದಲ್ಲಿ, ಖಾಂಡವ ವನ ಸುಡುವ ಮೊದಲು ಅರ್ಜುನ ಬೇಟೆಗೆ ಹೋಗುತ್ತಾನೆ. ಅಲ್ಲಿ ಬರುವ ಬೇಟೆ ಮಾತುಗಳು ಬಲ್ಲವರ ಮಾತುಗಳು, ಕೇಳಿ ಬರೆದವಲ್ಲ. ಆಮೇಲೆ ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆಸಿದ. ಈ ಸಿಂದಗಿ ಸೀಮೆ ಆಗ ಅವನ ರಾಜ್ಯದೊಳಗೇ ಇತ್ತು. ರಾಜನ ವಿನೋದಗಳಲ್ಲಿ ಬೇಟೆಗೂ ಅದರಲ್ಲಿ ದೊಡ್ಡ ಪಾಲಿದೆ: ನೀರಿಗೆ ಬರುವ ದಾರಿಯಲ್ಲಿ ಅಡಗಿ ಕೂರುವುದು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು, ಚೀತಾ ಬಿಡುವುದು. ಗಮನಿಸಿ, ಇವೆಲ್ಲ ಹತ್ತಿರಕ್ಕೆ ಹೋಗುವ, ಇಲ್ಲವೇ ಹತ್ತಿರಕ್ಕೆ ಬರಿಸಿಕೊಳ್ಳುವ ಉಪಾಯಗಳು. ದೂರದಿಂದ ಗುರಿ ಹೊಡೆಯುವ ಪ್ರತಾಪ ಯುದ್ಧಕ್ಕೆ, ಸ್ವಯಂವರಕ್ಕೆ.

ಅದೇ ಕಾಲದ ಬೇಲೂರಿನಲ್ಲಿ, 1117ರ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ನಮ್ಮ ಕಡೆಯ ವೀರಗಲ್ಲುಗಳಲ್ಲೂ ಬಿಲ್ಲುಗಾರರಿಗೆ ಬರವಿಲ್ಲ. ಆದರೆ ಕಲ್ಲಿನಲ್ಲಿ ಎರಡು ಬಾಗಿನ ಬಿಲ್ಲು ಕಂಡ ಕೂಡಲೇ ಆ ಊರಲ್ಲಿ ರಿಕರ್ವ್ ಇತ್ತು ಅಂತ ತೀರ್ಮಾನಿಸಬೇಡಿ. ಶಿಲ್ಪಿಗೆ ಆ ಬಾಗು ಚೆಂದ, ದೇವತೆಗಳ ಕೈಗೂ ಅದೇ ಬಿಲ್ಲು ಕೊಟ್ಟಿರುತ್ತಾನೆ. ಸಾಮಾನ್ಯ ಬೇಡನ ಕೈಯಲ್ಲಿ ಇದ್ದದ್ದು ಬಿದಿರಿನ ಬಿಲ್ಲೇ ಅನ್ನುವುದು ನನ್ನ ಅಂದಾಜು. ಬಿದಿರಿನ ನೇರ ಬಿಲ್ಲು ವೇಗದಲ್ಲಿ ಹಿಂದೆ, ಮೌನದಲ್ಲಿ ಮುಂದೆ. ಅದರ ಹೆದೆ ತುದಿಯಲ್ಲಿ ಮಾತ್ರ ಬಿಲ್ಲನ್ನು ಮುಟ್ಟುತ್ತದೆ. ಬಾಗಿದ ತುದಿಯ ಬಿಲ್ಲಿನಲ್ಲಿ ಹೆದೆ ಮರಳಿ ಬಂದು ಆ ಬಾಗಿನ ಮೇಲೆ ಚಟ್ಟನೆ ಬಡಿಯುತ್ತದೆ. ರಿಕರ್ವ್ ಗದ್ದಲದ ಗುಟ್ಟು ಅಲ್ಲಿದೆ.

ಹಾಗಿದ್ದರೂ ದಖ್ಖನಿನ ದೊರೆಗಳು ಆ ಬಾಗಿದ ಬಿಲ್ಲಿಗೇ ಯಾಕೆ ಮರುಳಾದರು? ಉತ್ತರ ವಿಜಯಪುರದಲ್ಲೇ ಬರೆದ ಒಂದು ಪುಸ್ತಕದಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಫಿರಿಸ್ತಾ ತನ್ನ ಪಾರ್ಸಿ ಚರಿತ್ರೆಯಲ್ಲಿ, ಸುಮಾರು ಒಂದೂವರೆ ಶತಮಾನ ಹಿಂದಿನ ವಿಜಯನಗರದ ಒಂದು ಸಭೆಯನ್ನು ವಿವರಿಸುತ್ತಾನೆ. ಬಹಮನಿಗಳ ಎದುರು ಮತ್ತೆ ಮತ್ತೆ ಸೋಲುವುದೇಕೆ ಎಂದು ಎರಡನೆಯ ದೇವರಾಯ ಕೇಳಿದ. ಸಭೆಯಲ್ಲಿ ಬಂದ ಉತ್ತರಗಳಲ್ಲಿ ಒಂದು, ಅವರ ಕುದುರೆಗಳು ಒಳ್ಳೆಯವು, ಅವರಲ್ಲಿ ನುರಿತ ಬಿಲ್ಲುಗಾರರಿದ್ದಾರೆ ಎಂಬುದು. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಜಹಗೀರು ಕೊಟ್ಟು ಸೇರಿಸಿಕೊಂಡ, ಅವರಿಗೆ ಮಸೀದಿ ಕಟ್ಟಿಸಿದ, ತನ್ನವರಿಗೂ ಆ ವಿದ್ಯೆ ಕಲಿಸಿದ. ಫಿರಿಸ್ತಾನ ಪ್ರಕಾರ ಕೊನೆಗೆ 2,000 ಮುಸ್ಲಿಮರು, 60,000 ಹಿಂದೂಗಳು ಬಿಲ್ವಿದ್ಯೆಯಲ್ಲಿ ಪಳಗಿದ್ದರು. ಇಂಥ ಚರಿತ್ರೆಗಳಲ್ಲಿ ಸಂಖ್ಯೆ ಉಬ್ಬುವುದು ಸಹಜ. ಆದರೆ ಬಿಲ್ಲಿನ ಪೈಪೋಟಿ ನಿಜ.

ಆ ಬಿಲ್ಲನ್ನು ಹತ್ತಿರದಿಂದ ನೋಡೋಣ. ನಡುವೆ ತೆಳುವಾದ ಮರದ ಎಲುಬು. ಬಿಲ್ಲುಗಾರನ ಕಡೆಗೆ ಎಮ್ಮೆ ಕೊಂಬಿನ ಪಟ್ಟಿ, ಒತ್ತಡ ತಡೆಯಲು. ಹೊರಗಡೆಗೆ ಪ್ರಾಣಿಯ ನರಗಳನ್ನು ಜಜ್ಜಿ ಎಳೆ ಮಾಡಿ ಅಂಟಿಸಿದ ಪದರ, ಎಳೆತ ತಡೆಯಲು. ಎಲ್ಲವನ್ನೂ ಹಿಡಿದಿಟ್ಟಿರುವುದು ಚರ್ಮ, ನರ ಬೇಯಿಸಿ ತೆಗೆದ ಅಂಟು. ಪದರ ಹಾಕಿ, ಒಣಗಿಸಿ, ಮತ್ತೆ ಹಾಕಿ, ಒಂದು ಒಳ್ಳೆಯ ಬಿಲ್ಲು ಸಿದ್ಧವಾಗಲು ವರ್ಷ ಹಿಡಿಯುತ್ತಿತ್ತು. ಕುದುರೆಯ ಮೇಲೆ ಕುಳಿತು ಹೊಡೆಯುವಷ್ಟು ಗಿಡ್ಡ, ಆಳುದ್ದದ ಬಿದಿರಿಗಿಂತ ವೇಗ. ಶತ್ರು ಒಂದೇ, ತೇವ. ಮಳೆಗಾಲದ ಗಾಳಿಗೆ ಅಂಟು ಮೆತ್ತಗಾಗಿ ಬಿಲ್ಲು ಸೊರಗುತ್ತದೆ. ಮಲೆನಾಡು, ಕೊಂಕಣದ ಮಳೆಯಲ್ಲಿ ಇದನ್ನು ಕಾಪಾಡುವುದು ತಲೆನೋವು. ವಿಜಯಪುರದ ಬಿಸಿಲು ಸೀಮೆಗೆ ಬಂದರೆ ಅದಕ್ಕೆ ತವರಿಗೆ ಬಂದ ಹಾಗೆ. ನಾವು ಬೈಯುವ ಬರಗಾಲದ ಹವೆಯೇ ಈ ಬಿಲ್ಲಿಗೆ ವರ.

ವಿಜಯಪುರ ಬಿಟ್ಟು ಸಿಂದಗಿ ಕಡೆ ಹೊರಟರೆ ಸುಮಾರು 20 ಕಿಲೋಮೀಟರಿನೊಳಗೆ ಕುಮಟಗಿ ಸಿಗುತ್ತದೆ. ಆದಿಲ್‌ಶಾಹಿಗಳ ವಿಹಾರ ತಾಣ, ಕೊಳದ ನಡುವೆ ಮಹಲು, ಗೋಡೆಗಳ ಮೇಲೆ ಪೋಲೊ, ಕುಸ್ತಿ, ಬೇಟೆಯ ಚಿತ್ರಗಳು. ಬಹಳಷ್ಟು ಮಾಸಿಹೋಗಿವೆ. ಬಸ್ಸಿನಲ್ಲಿ ದಿನಾ ಹಾದುಹೋಗುವವರು ಒಮ್ಮೆ ಇಳಿದು ನೋಡಿ.

ಇನ್ನು ಬಿಲ್ಲಿನ ಅಂತ್ಯ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು. ಅದಕ್ಕೆ ಕಿಡಿ ಇಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಅಂತ ಊರಿನವರು ಇಂದಿಗೂ ಹೇಳುತ್ತಾರೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಕಾಳಗದ ಹೊತ್ತಿಗೆ ಗೆಲುವು ತೋಪು, ಕುದುರೆಗಳ ಕೈ ಸೇರಿತ್ತು. ಬಿಲ್ಲು ಆಮೇಲೂ ಉಳಿಯಿತು, ಆದರೆ ಬಿಲ್ಲೇ ಕುಲವಿದ್ಯೆಯಾಗಿದ್ದವರು ಕೂಡ ಕೋವಿ ಹಿಡಿದರು. 1705ರಲ್ಲಿ ಸುರಪುರದ ಹತ್ತಿರದ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಲು ಮುದುಕ ಔರಂಗಜೇಬನೇ ಬಂದು ಕೂತ. ಅವನ ಸೇನೆಯನ್ನು ಕಾಡಿದ ಬೇಡರಿಗೆ ಆಗ ಹೆಸರಿದ್ದದ್ದು ಬಂದೂಕಿನ ಗುರಿಗೆ. 1857ರಲ್ಲಿ ಬ್ರಿಟಿಷರು ಆಯುಧ ಕಾಯ್ದೆ ತಂದಾಗ ಹಲಗಲಿಯ ಬೇಡರು ಹತಾರ ಒಪ್ಪಿಸಲು ಒಪ್ಪದೆ ಹೋರಾಡಿ ಗಲ್ಲಿಗೇರಿದರು. ಬೇಟೆಗಾರನಿಗೆ ಹತಾರ ಬದುಕೂ ಹೌದು, ಮಾನವೂ ಹೌದು.

ಬಯಲಿನ ಬೇಟೆಗೆ ಬಿಲ್ಲಿಗಿಂತ ಮೌನವಾದ ಉಪಾಯ ಕಂಡುಕೊಂಡವರು ಹರಣಶಿಕಾರಿಗಳು. ಪಳಗಿಸಿದ ದನದ ಮರೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿದು, ಚಿಗರಿ ಓಡಾಡುವ ಹಾದಿಯಲ್ಲಿ ಕುಣಿಕೆಗಳ ಸಾಲು ಹೂಡುತ್ತಿದ್ದರು. ಹೆದೆಯೂ ಇಲ್ಲ, ಟಂಕಾರವೂ ಇಲ್ಲ. ಬ್ರಿಟಿಷರ 1871ರ ಕಾಯ್ದೆಯ ದಾರಿಯಲ್ಲಿ ಇಂಥ ಎಷ್ಟೋ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಬಿತ್ತು. 1952ರಲ್ಲಿ ಅದನ್ನು ತೆಗೆದರು, ಜನರ ಬಾಯಿಂದ ತೆಗೆಯುವುದು ಇನ್ನೂ ಬಾಕಿ ಇದೆ.

1972ರ ಸೆಪ್ಟೆಂಬರ್ ಬಿಲ್ಲಿನ ಪಾಲಿಗೆ ವಿಚಿತ್ರ ತಿಂಗಳು. ಐದು ದಶಕ ಹೊರಗಿದ್ದ ಬಿಲ್ವಿದ್ಯೆ ಮ್ಯೂನಿಕ್ ಒಲಿಂಪಿಕ್ಸ್‌ಗೆ ಮರಳಿತು. ಅದೇ ತಿಂಗಳು ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಚಿಗರಿ ಅದರ ಒಂದನೇ ಪರಿಶಿಷ್ಟದಲ್ಲಿದೆ. ಕೊಂದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಬಿಲ್ಲಿನಿಂದಲೋ ಬಂದೂಕಿನಿಂದಲೋ, ಕಾಯ್ದೆಗೆ ವ್ಯತ್ಯಾಸವಿಲ್ಲ.

ಆದರೂ ಸದ್ದಿಲ್ಲದ ರಿಕರ್ವ್ ಕಟ್ಟುವ ವಿದ್ಯೆ ಬದುಕಿದೆ. ಅಮೆರಿಕದಂಥ ದೇಶಗಳಲ್ಲಿ ಲೈಸೆನ್ಸ್ ಪಡೆದು ಬಿಲ್ಲಿನ ಬೇಟೆಗೆ ಹೋಗುವವರಿದ್ದಾರೆ, ಇಲ್ಲಿ ಹುಲ್ಲಿನ ಗುರಿಗೆ ಹೊಡೆಯುವವರಿಗೂ ಅದೇ ಪಾಠ. ಅಂಗಡಿಗೆ ಹೋದಾಗ ತೀರಾ ಗಿಡ್ಡ ಬಿಲ್ಲಿಗೆ ಮನಸೋಲಬೇಡಿ. 62 ಇಂಚಿನ ಆಸುಪಾಸಿನದು ಹೆಚ್ಚು ಸಮಾಧಾನಿ. ನಿಮ್ಮ ತೋಳು ನಡುಗದೆ ಹಿಡಿಯಬಲ್ಲ ಎಳೆತವನ್ನೇ ಆರಿಸಿ. ಬಿಚ್ಚಿ ಜೋಡಿಸುವ ಬಿಲ್ಲಾದರೆ ತಿರುಪು ಸಡಿಲಾಗಿ ಗುಂಯ್‌ಗುಡುತ್ತದೆ, ಆಗಾಗ ಬಿಗಿ ನೋಡಿ. ಹೆದೆಗೂ ಹಿಡಿಗೂ ನಡುವಿನ ಅಂತರ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆ ಇಂಚು. ಹೆದೆಯನ್ನು ಹುರಿಗೊಳಿಸಿದರೆ ಅಂತರ ಏರುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಒಂದೆರಡು ಸುತ್ತು ಬದಲಿಸಿ, ಬಾಣ ಬಿಟ್ಟು, ಕಿವಿಗೊಟ್ಟು ಕೇಳಿ. ಒಂದು ಹಂತದಲ್ಲಿ ಚಟ್ ಅನ್ನುವುದು ದಪ್ ಆಗುತ್ತದೆ, ಅಲ್ಲಿ ನಿಲ್ಲಿಸಿ. ಹೆದೆ ಬಡಿಯುವ ಬಾಗಿಗೆ ತೆಳುವಾದ ಚರ್ಮ ಅಂಟಿಸಿ. ಹೆದೆಗೆ ಮೇಲೊಂದು ಕೆಳಗೊಂದು ಉಣ್ಣೆಯ ಕುಚ್ಚು ಕಟ್ಟಿ, ಎರಡೂ ಸಮ ದೂರದಲ್ಲಿ ಬೇಡ. ಕುರಿ ಸೀಮೆಯವರಿಗೆ ಉಣ್ಣೆ ಹುಡುಕುವ ಕಷ್ಟವಿಲ್ಲ.

ಆದರೆ ಜನ ಮೊದಲು ಕುಚ್ಚು ಕೊಳ್ಳುತ್ತಾರೆ, ಅದು ತಪ್ಪು ಕ್ರಮ. ಸದ್ದು ಅಂದರೆ ಬಾಣಕ್ಕೆ ದಕ್ಕದ ಶಕ್ತಿ ಅಂದೆವಲ್ಲ, ಭಾರದ ಬಾಣ ಹೆಚ್ಚು ಶಕ್ತಿ ಹೀರುತ್ತದೆ. ಪ್ರತಿ ಪೌಂಡ್ ಎಳೆತಕ್ಕೆ ಸುಮಾರು 10 ಗ್ರೇನ್ ತೂಕ. 45 ಪೌಂಡಿನ ಬಿಲ್ಲಿಗೆ 450 ಗ್ರೇನ್, ಅಂದರೆ 29 ಗ್ರಾಮಿನ ಬಾಣ. ವೇಗ ಸ್ವಲ್ಪ ಇಳಿಯುತ್ತದೆ, ಗದ್ದಲ ಬಹಳ ಇಳಿಯುತ್ತದೆ. ಹಾಗಾಗಿ ಮೊದಲು ಬಾಣ, ಆಮೇಲೆ ಹೆದೆಯ ಅಂತರ, ಕೊನೆಗೆ ಉಣ್ಣೆ.

ನಿಮ್ಮ ಊರಿನ ಅಗಸಿ ಹತ್ತಿರ, ಹನುಮಪ್ಪನ ಗುಡಿ ಮುಂದೆ ಬಿಲ್ಲುಗಾರನ ವೀರಗಲ್ಲು ಇದ್ದರೆ ಎಣ್ಣೆ, ಬಣ್ಣ ಬಳಿಯದೆ, ಹಾಗೇ ಒಂದು ಫೋಟೊ ತೆಗೆದು ಊರು, ತಾಲ್ಲೂಕಿನ ಹೆಸರಿನೊಂದಿಗೆ ನಮಗೆ ಕಳಿಸಿ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಬಿಲ್ಲಿನ ಬಾಗು ಸ್ಪಷ್ಟವಾಗಿ ಬರುತ್ತದೆ.