ವ್ಹೀಲಿ ಹುಡುಗರಿಗೆ ಕೆಸರು ತೋರಿಸಿ



ಮಧ್ಯಾಹ್ನದಿಂದ ಒಂದು ವಿಡಿಯೊವನ್ನ ನಾವೂ ತೋರಿಸ್ತಿದ್ದೀವಿ, ಬೇರೆ ಚಾನೆಲ್‌ಗಳೂ ತೋರಿಸ್ತಿವೆ. ಹೈವೇ ಮೇಲೆ ಒಬ್ಬ ಹುಡುಗ. ಬೈಕಿನ ಮುಂದಿನ ಚಕ್ರ ಗಾಳಿಯಲ್ಲಿ. ತಲೆಗೆ ಹೆಲ್ಮೆಟ್ ಇಲ್ಲ. ಪಕ್ಕದಲ್ಲೇ ಜನ ತುಂಬಿದ ಬಸ್ಸು. ಪೊಲೀಸರು ಬೈಕ್ ವಶಕ್ಕೆ ತಗೊಂಡಿದ್ದಾರೆ. ಸರಿಯಾಗೇ ಮಾಡಿದ್ದಾರೆ, ಅದರಲ್ಲಿ ನನ್ನದೇನೂ ತಕರಾರಿಲ್ಲ.

ಕಾನೂನು ಏನು ಹೇಳುತ್ತೆ ಅಂತ ಮೊದಲು ಹೇಳಿಬಿಡ್ತೀನಿ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಆದ ಮೇಲೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹುಡುಗನಿಗೆ 18 ತುಂಬಿಲ್ಲ ಅಂದ್ರೆ ಕೇಸು ಅಪ್ಪನ ಮೇಲೆ. 199ಎ ಅಂತ ಇನ್ನೊಂದು ಸೆಕ್ಷನ್. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷ ತುಂಬೋವರೆಗೂ ಲೈಸೆನ್ಸ್ ಇಲ್ಲ. ಮಗ ಎಸ್ಸೆಸ್ಸೆಲ್ಸಿ ಪಾಸಾದ ಅಂತ ಬೈಕ್ ಕೊಡಿಸೋ ಅಪ್ಪಂದಿರು ಈ ಸಾಲನ್ನ ಎರಡು ಸಲ ಕೇಳಿಸ್ಕೊಳ್ಳಿ.

ಇಷ್ಟು ಹೇಳಿ ನಾನು ಮುಂದಿನ ಸುದ್ದಿಗೆ ಹೋಗಬಹುದಿತ್ತು. ಆದ್ರೆ ಆ ವಿಡಿಯೊವನ್ನ ಸೌಂಡ್ ತೆಗೆದು ನಾಲ್ಕು ಸಲ ನೋಡಿದೆ. ಹುಡುಗನ ಎರಡು ಬೆರಳು ಕ್ಲಚ್ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಚಕ್ರ ಜಾಸ್ತಿ ಮೇಲೆ ಬಂತು ಅನ್ನೋ ಹೊತ್ತಿಗೆ ಬ್ರೇಕನ್ನ ಹೂವಿನಷ್ಟು ಹಗುರಾಗಿ ಒತ್ತುತ್ತಾನೆ, ಚಕ್ರ ಇಳಿಯುತ್ತೆ. ಇದು ಒಂದೇ ದಿನದಲ್ಲಿ ಬರೋ ವಿದ್ಯೆ ಅಲ್ಲ ಸ್ವಾಮಿ. ಯಾರೂ ಕಲಿಸದೆ, ಬಿದ್ದು, ಮೊಣಕೈ ಕೆತ್ತಿಸಿಕೊಂಡು ಕಲಿತದ್ದು. ಕಲಿತಿದ್ದನ್ನ ತೋರಿಸೋಕೆ ಅವನಿಗೆ ಸಿಕ್ಕಿದ ಜಾಗ ಯಾವುದು? ನಿಮ್ಮ ಮನೆ ಮಕ್ಕಳು ಓಡಾಡೋ ರಸ್ತೆ.

ಹಾಗಾದ್ರೆ ಬೇರೆ ಜಾಗ ಇದೆಯಾ? ಇದೆ. ಅದರ ಬಗ್ಗೆ ನಮ್ಮ ಟಿವಿಗಳಲ್ಲಿ ಮಾತು ಕಮ್ಮಿ. ಮರಗಳ ನಡುವೆ, ಕೆಸರಲ್ಲಿ, ಬೇರು ಬಂಡೆ ಹಳ್ಳ ದಾಟಿಕೊಂಡು ಓಡಿಸೋ ಬೈಕ್ ರೇಸು. ಎಂಡ್ಯೂರೊ ಅಂತಾರೆ. ಇನ್ನೊಂದು ಬಗೆಗೆ ಹೇರ್ ಸ್ಕ್ರಾಂಬಲ್ ಅಂತ ಹೆಸರು. ಇಲ್ಲಿ ಹೇರ್ ಅಂದ್ರೆ ಕೂದಲಲ್ಲ, ಮೊಲ! ಎರಡಕ್ಕೂ ವ್ಯತ್ಯಾಸ ಇದೆ. ಹೇರ್ ಸ್ಕ್ರಾಂಬಲ್‌ನಲ್ಲಿ ಸಾಲಾಗಿ ನಿಲ್ಲಿಸ್ತಾರೆ, ಹೆಚ್ಚಿನ ಕಡೆ ಇಂಜಿನ್ ಆಫ್. ಬಾವುಟ ಬಿದ್ದ ಮೇಲೇ ಕಿಕ್ ಹೊಡೀಬೇಕು. ಒಂದೂವರೆ ಗಂಟೆಯೋ ಎರಡು ಗಂಟೆಯೋ ಕಾಡುದಾರಿಯಲ್ಲಿ ಸುತ್ತು ಹಾಕ್ತಾ ಇರೋದು. ಎಂಡ್ಯೂರೊದಲ್ಲಿ ನಿಮಿಷಕ್ಕೊಂದು ತಂಡದಂತೆ ಬಿಡ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಚೆಕ್‌ಪಾಯಿಂಟ್, ಪ್ರತಿಯೊಂದಕ್ಕೂ ತಲುಪಬೇಕಾದ ಟೈಮು. ಲೇಟಾಗಿ ಬಂದ್ರೆ ದಂಡ, ಸರಿ. ಬೇಗ ಬಂದ್ರೂ ದಂಡ! ಹೆಚ್ಚು ಸ್ಪೀಡಾಗಿ ಹೋದವನಿಗೂ ಪಾಯಿಂಟ್ ಕತ್ತರಿಸೋ ರೇಸು ಜಗತ್ತಲ್ಲಿ ಇನ್ನೆಷ್ಟಿದೆ ಹೇಳಿ.

ಇದು ನಿನ್ನೆ ಮೊನ್ನೆಯ ಆಟ ಅಲ್ಲ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಊರಲ್ಲಿ ಶುರುವಾದ ಆರು ದಿನದ ಸ್ಪರ್ಧೆ ಹೆಸರು ಬದಲಾಯಿಸಿಕೊಂಡು ಇವತ್ತಿಗೂ ನಡೀತಿದೆ. ಅಲ್ಲಿ ದಾರಿಯಲ್ಲಿ ಬೈಕ್ ಕೆಟ್ಟರೆ ಓಡಿಸೋನೇ ರಿಪೇರಿ ಮಾಡ್ಕೋಬೇಕು, ಅದೇ ನಿಯಮ.

ಎ.ಸಿ. ಸ್ಟುಡಿಯೋದಲ್ಲಿ ಕೂತು ಹೇಳ್ತಿದ್ದಾನೆ ಅನ್ಕೋಬೇಡಿ. ಕೆಲವು ವರ್ಷದ ಹಿಂದೆ ಸಕಲೇಶಪುರದ ಆಚೆ ಒಂದು ಎಸ್ಟೇಟಿನಲ್ಲಿ ಇಂಥದೊಂದು ರೇಸಿಗೆ ನಾನೂ ಇಳಿದಿದ್ದೆ. ನಾವಿಸ್ ಕ್ಲಾಸು, ಅಂದ್ರೆ ಹೊಸಬರ ವಿಭಾಗ. ಸ್ನೇಹಿತರೊಬ್ಬರ ಹಳೇ ಇಂಪಲ್ಸ್ ಬೈಕು. ಅದರ ಕನ್ನಡಿ, ಹೆಡ್‌ಲೈಟ್, ಇಂಡಿಕೇಟರ್ ಎಲ್ಲ ಬಿಚ್ಚಿ, ಹಲ್ಲಿನ ಟೈರ್ ಹಾಕಿ, ಗಾಳಿ ಅರ್ಧಕ್ಕಿಂತ ಕಮ್ಮಿ ಬಿಟ್ಟಿದ್ವಿ. ಟೈರು ಮೆತ್ತಗಿದ್ದರೇ ಬೇರಿನ ಮೇಲೆ ಹಿಡಿತ ಸಿಗೋದು.

ಬೆಳಗ್ಗೆ ಏಳಕ್ಕೆ ಶುರು ಅಂದಿದ್ದರು. ಎಂಟೂವರೆ ಆದ್ರೂ ಬಾವುಟ ಬೀಳಲಿಲ್ಲ. ಕಾರಣ ಏನು ಗೊತ್ತಾ? ರಾತ್ರಿ ಪಕ್ಕದ ತೋಟಕ್ಕೆ ಆನೆ ಬಂದಿತ್ತಂತೆ. ಅದು ಹೊಳೆ ದಾಟಿ ಆಚೆ ಹೋಯ್ತು ಅಂತ ಗ್ಯಾರಂಟಿ ಆಗೋವರೆಗೂ ಯಾರನ್ನೂ ಬಿಡಲಿಲ್ಲ. ನನಗೆ ಆ ಸಂಘಟಕರ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ. ಹೆಲ್ಮೆಟ್, ಎದೆಗವಚ, ಮೊಣಕಾಲಿನ ಗಾರ್ಡ್, ಬೂಟು, ಒಂದೊಂದನ್ನೂ ಮುಟ್ಟಿ ನೋಡಿದರು. ಜೀನ್ಸ್ ಪ್ಯಾಂಟು, ಕ್ಯಾನ್ವಾಸ್ ಶೂನಲ್ಲಿ ಬಂದಿದ್ದ ಇಬ್ಬರನ್ನ ವಾಪಸ್ ಕಳಿಸಿದರು. ಎಸ್ಟೇಟ್ ಮಾಲೀಕರದು ಇನ್ನೊಂದು ಷರತ್ತು: ಟೇಪ್ ಕಟ್ಟಿದ ದಾರಿ ಬಿಟ್ಟು ಒಂದೇ ಒಂದು ಕಾಫಿ ಗಿಡ ಮುರಿದರೂ ಎಂಟ್ರಿ ಫೀಸಿನಷ್ಟು ದಂಡ!

ಮೊದಲ ಎರಡು ಕಿಲೋಮೀಟರ್ ತೋಟದ ರಸ್ತೆ, ಆರಾಮ. ಆಮೇಲೆ ಹಡ್ಲು ಬಿದ್ದ ಗದ್ದೆ. ಕೆಸರು ಮೊಣಕಾಲಿಗೆ. ಅಲ್ಲಿಂದ ಸಿಲ್ವರ್ ಓಕ್ ಮರಗಳ ಸಾಲು, ಎರಡು ಮರದ ನಡುವೆ ಹ್ಯಾಂಡಲ್ ತೂರೋಷ್ಟೇ ಜಾಗ. ಮರವನ್ನ ನೋಡಿದ್ರೆ ಬೈಕು ಮರಕ್ಕೇ ಹೋಗುತ್ತೆ, ಇದು ಅಲ್ಲಿ ಎಲ್ಲರೂ ಹೇಳೋ ಮಾತು, ನಿಜವೂ ಹೌದು. ಎರಡು ಮರದ ನಡುವಿನ ಖಾಲಿ ಜಾಗವನ್ನೇ ನೋಡ್ತಾ ಇರಬೇಕು. ಒದ್ದೆ ಬೇರು ಸಿಕ್ಕಿದ್ರೆ ನೇರವಾಗಿ ಅಡ್ಡ ದಾಟಬೇಕು, ಓರೆಯಾಗಿ ಚಕ್ರ ಇಟ್ಟರೆ ಬೈಕು ಸೋಪಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತೆ. ಸೀಟಿನ ಮೇಲೆ ಕೂರೋದು ಅಪರೂಪ, ಕಾಲ ಮೇಲೇ ನಿಂತು ಓಡಿಸಬೇಕು. ಹತ್ತೇ ನಿಮಿಷಕ್ಕೆ ತೊಡೆ ನಡುಗೋಕೆ ಶುರು. ಗಂಟೆಗೆ ಮೂವತ್ತು ಕಿಲೋಮೀಟರ್ ಸ್ಪೀಡ್ ಸಿಕ್ಕಿದ್ರೆ ಅದೇ ಹಬ್ಬ. ಗಮನಿಸಿ, ಮೂವತ್ತು. ರಿಂಗ್ ರೋಡಿನಲ್ಲಿ ಆಟೋ ಅದಕ್ಕಿಂತ ಜೋರಾಗಿ ಹೋಗುತ್ತೆ.

ಹಳ್ಳ ದಾಟಿದ ಮೇಲೆ ಒಂದು ದಿಬ್ಬ. ಅಲ್ಲಿ ಆಗಲೇ ಐದಾರು ಬೈಕು ಅಡ್ಡ ಬಿದ್ದಿದ್ದವು. ನಾನೂ ಬಿದ್ದೆ. ಕಾಲಿನ ಮೇಲೆ ಬೈಕು, ಬೂಟಿನೊಳಗೆ ಇಂಬಳ, ಬಾಯಲ್ಲಿ ಕೆಸರು. ಹಿಂದಿನಿಂದ ಬಂದ ಒಬ್ಬ ಹುಡುಗ ಸಲೀಸಾಗಿ ಪಕ್ಕದಲ್ಲಿ ಹತ್ತಿಕೊಂಡು ಹೋದ. ಹೋದವನು ದಿಬ್ಬದ ಮೇಲೆ ಬೈಕ್ ನಿಲ್ಲಿಸಿ ಕೆಳಗೆ ಓಡಿ ಬಂದ. ನನ್ನ ಬೈಕಿನ ಮುಂದಿನ ಫೋರ್ಕ್ ಹಿಡಿದು ಎಳೆಯೋಕೆ ಶುರು ಮಾಡಿ ಏನಂದ ಗೊತ್ತಾ?

"ಸಾರ್, ಟಿವಿಯಲ್ಲಿ ಜೋರಾಗಿ ಮಾತಾಡ್ತೀರಲ್ಲ, ಈಗ ಜೋರಾಗಿ ತಳ್ಳಿ."

ತಳ್ಳಿದೆ. ಅವನು ಇನ್ನೂ ಇಬ್ಬರನ್ನ ಎತ್ತಿ ಆಮೇಲೆ ಹೋದ. ಮೂರನೇ ಸ್ಥಾನದಲ್ಲಿದ್ದವನು ಎಂಟನೆಯವನಾಗಿ ಮುಗಿಸಿದ. ನಾನು ಕೊನೆಯಿಂದ ಆರನೆಯವನು, ಅದನ್ನೂ ಹೇಳಿಬಿಡ್ತೀನಿ. ಸಂಜೆ ಅನ್ನ ಸಾರು ಬಡಿಸ್ತಿದ್ದಾಗ ಅವನ ಪಕ್ಕ ಕೂತೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಪಿಯುಸಿಗೆ ಓದು ನಿಂತಿದೆ. "ಯಾಕಪ್ಪಾ ನಿಂತೆ, ಕಪ್ ಹೋಯ್ತಲ್ಲ?" ಅಂದೆ. "ಬಿದ್ದೋರನ್ನ ಬಿಟ್ಟು ಹೋದ್ರೆ ಸಂಜೆ ಊಟಕ್ಕೆ ಯಾರ ಪಕ್ಕ ಕೂರ್ಲಿ ಸಾರ್?" ಅಂದ. ಆಮೇಲೆ ತಾನಾಗೇ ಇನ್ನೊಂದು ಮಾತು ಹೇಳಿದ. ಅವನ ಹಳೇ ಆರ್‌ಎಕ್ಸ್ ಬೈಕನ್ನ ವ್ಹೀಲಿ ಕೇಸಲ್ಲಿ ಎರಡು ಸಲ ಸ್ಟೇಷನ್ನಿಗೆ ಒಯ್ದಿದ್ರಂತೆ. "ಇಲ್ಲಿಗೆ ಬರೋಕೆ ಶುರು ಮಾಡಿದ ಮೇಲೆ ರೋಡಲ್ಲಿ ಬೋರ್ ಸಾರ್. ಅಲ್ಲಿ ಏನಿದೆ? ಟಾರು."

ಒಬ್ಬ ಹುಡುಗನ ಮಾತು ಹಿಡಿದುಕೊಂಡು ಊರಿಗೆಲ್ಲ ಔಷಧಿ ಬರೀತೀಯಾ ಅಂತ ನೀವು ಕೇಳಬಹುದು. ಇಲ್ಲ. ಎಲ್ಲ ವ್ಹೀಲಿ ಹುಡುಗರೂ ಹೀಗೆ ಬದಲಾಗಲ್ಲ. ಕೆಲವರಿಗೆ ಬೇಕಾಗಿರೋದು ರೀಲ್ಸು, ಲೈಕು. ತೋಟದೊಳಗೆ ನೋಡೋರೇ ಇರಲ್ಲ, ಮರ ಚಪ್ಪಾಳೆ ತಟ್ಟಲ್ಲ. ಅಂಥವರಿಗೆ ಪೊಲೀಸ್ ಸ್ಟೇಷನ್ನೇ ಸರಿ. ನಾನು ಮಾತಾಡ್ತಿರೋದು ಉಳಿದವರ ಬಗ್ಗೆ.

ಈ ನಿಲ್ಲೋ ಬುದ್ಧಿ ಬರೀ ಸಣ್ಣ ರೇಸಿನದಲ್ಲ. ಆಸ್ಟ್ರಿಯಾ ದೇಶದಲ್ಲಿ ಎರ್ಜ್‌ಬರ್ಗ್ ಅಂತ ಕಬ್ಬಿಣದ ಅದಿರಿನ ಬೆಟ್ಟ. ಗಣಿ ಈಗಲೂ ನಡೀತಿದೆ. 1995ರಿಂದ ಅಲ್ಲಿ ರೇಸ್ ಮಾಡ್ತಾರೆ. ವೃತ್ತಿಪರರ ಜೊತೆ ಆಫೀಸು, ಹೊಲ, ಗ್ಯಾರೇಜು ಬಿಟ್ಟು ಬಂದ ಹವ್ಯಾಸಿಗಳೂ ಹೆಸರು ಕೊಡಬಹುದು. ಅರ್ಹತೆ ಪಡೆದ 500 ಜನರನ್ನ ಕೊನೆಯ ದಿನ ಗಣಿಯ ಕಲ್ಲು, ಪಕ್ಕದ ಕಾಡು ಎರಡರ ಮೂಲಕವೂ ಬಿಡ್ತಾರೆ, ನಾಲ್ಕು ಗಂಟೆ ಟೈಮು. ಗುರಿ ಮುಟ್ಟೋರು ಬೆರಳೆಣಿಕೆ. 2015ರಲ್ಲಿ ಏನಾಯ್ತು ಅಂದ್ರೆ, ಮುಂದಿದ್ದ ನಾಲ್ಕು ಜನ, ಜಾನಿ ವಾಕರ್, ಗ್ರಹಾಂ ಜಾರ್ವಿಸ್, ಆಲ್ಫ್ರೆಡೊ ಗೋಮೆಜ್, ಆಂಡ್ರಿಯಾಸ್ ಲೆಟೆನ್‌ಬಿಚ್ಲರ್, ಕಾಡೊಳಗಿನ ಒಂದು ಕಡಿದಾದ ಜಾಗದಲ್ಲಿ ಸಿಕ್ಕಿಹಾಕಿಕೊಂಡರು. ಒಬ್ಬೊಬ್ಬರಾಗಿ ದಾಟೋಕೆ ಆಗಲಿಲ್ಲ. ಒಬ್ಬರ ಬೈಕ್ ಇನ್ನೊಬ್ಬರು ಎಳೆದು, ನಾಲ್ಕೂ ಬೈಕ್ ಮೇಲಕ್ಕೆತ್ತಿ, ಒಟ್ಟಿಗೇ ಹೋಗಿ ಗೆರೆ ಮುಟ್ಟಿದರು. ನಾಲ್ವರನ್ನೂ ಜಂಟಿ ವಿಜೇತರು ಅಂತ ಘೋಷಿಸಿದರು. ಅವರೆಲ್ಲ ಇದರಿಂದಲೇ ಹೊಟ್ಟೆ ಹೊರೆಯೋರು, ನೆನಪಿಡಿ.

ನಮ್ಮೋರೇನು ಕಮ್ಮಿ ಇಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ಬಿಗ್ ಬಾಸ್ ಎಂಟನೇ ಸೀಸನ್‌ನಲ್ಲಿ ನೀವು ನೋಡಿದ ಅರವಿಂದ್ ಕೆ.ಪಿ. ಕೂಡ 2019ರಲ್ಲಿ ಅದೇ ಡಕಾರ್ ಮುಗಿಸಿ ಬಂದವರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮಹಿಳೆಯರ ವಿಭಾಗದಲ್ಲಿ ಬಾಜಾ ವಿಶ್ವಕಪ್ ಗೆದ್ದರು. ವಿಶ್ವಕಪ್ ರೀ! ಕ್ರಿಕೆಟ್ಟಾಗಿದ್ರೆ ವಿಮಾನ ನಿಲ್ದಾಣದಿಂದ ಮೆರವಣಿಗೆ ಆಗ್ತಿತ್ತು.

ಹೂವು ಮಾತ್ರ ತೋರಿಸಿದ್ರೆ ಮೋಸ. 2021ರ ಜನವರಿಯಲ್ಲಿ ಸೌದಿ ಮರುಭೂಮಿಯಲ್ಲಿ ಅದೇ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನ ಕೋಮಾದಲ್ಲಿ ಇಡಬೇಕಾಯ್ತು. ಚೇತರಿಸಿಕೊಂಡರು. ಅವರ ಪಕ್ಕ ಹೆಲಿಕಾಪ್ಟರ್ ಇತ್ತು, ದೊಡ್ಡ ಕಂಪನಿಯ ತಂಡ ಇತ್ತು. ತೋಟದ ರೇಸಲ್ಲಿ ಬೀಳೋ ಮೆಕ್ಯಾನಿಕ್ ಹುಡುಗನ ಪಕ್ಕ ಏನಿರುತ್ತೆ?

ಅದಕ್ಕೇ ಅಪ್ಪ ಅಮ್ಮಂದಿರಿಗೆ ಹೇಳ್ತೀನಿ. ಮಗ ರೇಸಿಗೆ ಹೋಗ್ತೀನಿ ಅಂದ್ರೆ ಬಾಗಿಲು ಹಾಕಬೇಡಿ, ಪ್ರಶ್ನೆ ಕೇಳಿ. ದೇಶದಲ್ಲಿ ಈ ಕ್ರೀಡೆ ನೋಡಿಕೊಳ್ಳೋದು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಈ ರೇಸಿಗೆ ಅದರ ಅನುಮತಿ ಇದೆಯಾ? ಆಂಬುಲೆನ್ಸ್ ಎಷ್ಟು, ಒಳಗಿನ ದಾರಿಗೆ ಅದು ಬರುತ್ತಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಎಲ್ಲಕ್ಕಿಂತ ಮುಖ್ಯ ವಿಮೆ. ಬಹಳ ಜನರಿಗೆ ಗೊತ್ತಿಲ್ಲ, ನಿಮ್ಮ ಬೈಕಿನ ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ಸಂಘಟಿತ ರೇಸಿಗೆ, ವೇಗದ ಪರೀಕ್ಷೆಗೆ ಬಳಸಿದ್ರೆ ಅನ್ವಯಿಸಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಅಂದ್ರೆ ಕೈ ಮುರಿದರೂ ಬೈಕ್ ಮುರಿದರೂ ಆ ಪಾಲಿಸಿ ನಿಮ್ಮ ಪಾಲಿಗೆ ಬರೀ ಕಾಗದ. ಸಂಘಟಕರು ಬೇರೆ ವಿಮೆ ಮಾಡಿಸಿದ್ದಾರಾ, ಎಷ್ಟಕ್ಕೆ ಮಾಡಿಸಿದ್ದಾರೆ, ಬರಹದಲ್ಲಿ ಕೊಡ್ತಾರಾ? ಉತ್ತರ ಸಿಗದಿದ್ರೆ ದುಡ್ಡು ಕಟ್ಟಬೇಡಿ.

ಇನ್ನು ಕಾಡಿನ ಮಾತು. ಮರಗಳ ನಡುವೆ ರೇಸು ಅಂದ ಕೂಡಲೇ ಪರಿಸರದವರು ಫೋನ್ ಎತ್ಕೋತಾರೆ, ಎತ್ಕೊಳ್ಳಲಿ, ಅವರ ಕಡೆ ನಾನೂ ಇದ್ದೀನಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಬೈಕ್ ನುಗ್ಗಿಸೋದು ಅಪರಾಧ. ಪಶ್ಚಿಮಘಟ್ಟದ ಹುಲ್ಲುಗಾವಲಿನ ಮೇಲೆ ಹತ್ತು ಬೈಕ್ ಹತ್ತಿಸಿ ನೋಡಿ, ಚಕ್ರದ ಗೆರೆ ಉಳಿಯುತ್ತೆ, ಮಳೆಗಾಲದಲ್ಲಿ ಆ ಗೆರೆಯೇ ಕಾಲುವೆ, ಆಮೇಲೆ ಕೊರಕಲು. ವಾರಾಂತ್ಯಕ್ಕೆ ಬೆಂಗಳೂರಿಂದ ಬಂದು ಗುಡ್ಡದ ತಲೆ ಮೇಲೆ ಫೋಟೊ ತೆಗೆಸಿಕೊಳ್ಳೋ ಗುಂಪುಗಳಿವೆಯಲ್ಲ, ಅವರನ್ನ ಈ ರೇಸಿನವರ ಜೊತೆ ಸೇರಿಸಬೇಡಿ. ಎರ್ಜ್‌ಬರ್ಗ್ ಕಥೆ ಕೇಳಿ ಕುದುರೆಮುಖದ ಹಳೇ ಗಣಿಯಲ್ಲಿ ಮಾಡೋಣ ಅಂತ ಯಾರಾದ್ರೂ ಅಂದೀರಿ, ಅದೂ ಬೇಡ. ಅದು ರಾಷ್ಟ್ರೀಯ ಉದ್ಯಾನ.

ಖಾಸಗಿ ತೋಟ ಇದೆ, ಒಪ್ಪೋ ಮಾಲೀಕರಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾರ್ ರ‍್ಯಾಲಿ ವರ್ಷಗಳಿಂದ ನಡೆದಿದೆ, ತೋಟಗಳು ಇನ್ನೂ ಅಲ್ಲೇ ಇವೆ. ಬಯಲುಸೀಮೆಯಲ್ಲಿ ತೋಟ ಇಲ್ಲ ಅಂದ್ರೆ ಗುತ್ತಿಗೆ ಮುಗಿದು ಬಿದ್ದಿರೋ ಕಲ್ಲು ಕ್ವಾರಿಗಳಿವೆ, ಜಾಲಿ ಬೆಳೆದ ಬರಡು ಜಾಗ ಇದೆ. ಸುತ್ತ ಬೇಲಿ, ಗೇಟಿಗೊಬ್ಬ ಮನುಷ್ಯ, ಭಾನುವಾರ ಒಂದು ಆಂಬುಲೆನ್ಸ್. ಈ ಖರ್ಚು ಒಂದು ಜಂಕ್ಷನ್ನಿನ ಅಲಂಕಾರಕ್ಕಿಂತ ಜಾಸ್ತಿ ಆಗಲ್ಲ.

ಕ್ರೀಡಾ ಇಲಾಖೆಗೆ ಇವತ್ತು ಸಂಜೆ ಪತ್ರ ಕಳಿಸಿದ್ದೀವಿ. ಇರೋದು ಒಂದೇ ಪ್ರಶ್ನೆ. ವ್ಹೀಲಿ ಕೇಸಲ್ಲಿ ಸಿಕ್ಕ ಹುಡುಗನಿಗೆ ಮುಂದಿನ ಭಾನುವಾರ ಎಲ್ಲಿಗೆ ಹೋಗು ಅಂತ ಹೇಳೋಕೆ, ಈ ರಾಜ್ಯದ ಯಾವ ಜಿಲ್ಲೆಯಲ್ಲಿ ನಿಮ್ಮದು ಅನ್ನೋ ಒಂದು ಮಣ್ಣಿನ ಟ್ರ್ಯಾಕ್ ಇದೆ? ಉತ್ತರ ಬಂದ ದಿನ, ಅದು ಏನೇ ಇರಲಿ, ಇದೇ ಹೊತ್ತಿಗೆ ಓದಿ ಹೇಳ್ತೀನಿ. ಈಗ ಒಂದು ಸಣ್ಣ ಬ್ರೇಕ್.