ಅಳತೆಗೆ ಆಧಾರ ಯಾವುದು?



ಯಂತ್ರಗಳ ಬಿಡಿಭಾಗಗಳನ್ನು ಅಳೆಯುವ ವಿದ್ಯೆಯನ್ನು ಕುರಿತು ನಾಲ್ಕು ಮಾತನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯವು ನೀರಸವೆಂದು ತೋರಬಹುದು. ಆದರೆ ಇಲ್ಲಿ ಕುಳಿತಿರುವ ಹುಡುಗರಲ್ಲಿ ಕೆಲವರು ನಾಳೆ ಕೊಯಮತ್ತೂರಿಗೊ ಬೆಂಗಳೂರಿಗೊ ಹೋಗಿ ಅಳತೆಯ ಯಂತ್ರದ ಮುಂದೆ ನಿಂತಾರು. ಒಬ್ಬ ಕೆಲಸಗಾರನು ದಿನವಿಡೀ ದುಡಿದು ಮಾಡಿದ ವಸ್ತು ಸ್ವೀಕಾರಯೋಗ್ಯವೊ ತಿರಸ್ಕಾರಯೋಗ್ಯವೊ ಎಂಬ ತೀರ್ಪು ಅಂದು ಅವರ ಕೈಯಲ್ಲಿರುತ್ತದೆ.

ದೂರದ ಉದಾಹರಣೆ ಬೇಡ. ಪಂದಲೂರಿನ ಸುತ್ತಮುತ್ತ ಎಲ್ಲಿ ನೋಡಿದರೂ ಚಹದ ತೋಟ. ಚಹದ ಕಾರ್ಖಾನೆಗಳಲ್ಲಿ ಸಿ.ಟಿ.ಸಿ. ಎಂಬ ಯಂತ್ರವಿರುವುದನ್ನು ತಮ್ಮಲ್ಲಿ ಹಲವರು ಬಲ್ಲಿರಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಯಂತ್ರವಿದು. ಹಲ್ಲುಗಳುಳ್ಳ ಎರಡು ಉರುಳೆಗಳು ಒಂದಕ್ಕೊಂದು ಅತಿ ಸಮೀಪದಲ್ಲಿ, ಒಂದು ನಿಧಾನವಾಗಿಯೂ ಇನ್ನೊಂದು ಅದರ ಸುಮಾರು ಹತ್ತರಷ್ಟು ವೇಗವಾಗಿಯೂ ತಿರುಗುತ್ತವೆ. ನಡುವೆ ಬಿದ್ದ ಎಲೆಯು ಜಜ್ಜಿ, ಹರಿದು, ಸುರುಳಿಗೊಂಡು ಹೊರಬರುತ್ತದೆ. ಹಲ್ಲು ಮೊಂಡಾದಾಗ ಉರುಳೆಯನ್ನು ಲೇತಿಗೆ ಏರಿಸಿ, ಮೈಯನ್ನು ತೆಳುವಾಗಿ ಕಡೆದು, ಹೊಸದಾಗಿ ಹಲ್ಲು ಕೊರೆಯುತ್ತಾರೆ.

ಲೇತಿನಲ್ಲಿ ಉರುಳೆಯನ್ನು ಅದರ ದಂಡದ ಎರಡು ತುದಿಗಳಲ್ಲಿರುವ ಸಣ್ಣ ಕುಳಿಗಳಲ್ಲಿ ಹಿಡಿಯುವುದುಂಟು. ಕಾರ್ಖಾನೆಯಲ್ಲಾದರೊ ಅದು ತಿರುಗುವುದು ಬೇರಿಂಗುಗಳು ಕೂರುವ ಭಾಗಗಳನ್ನು ಆಧರಿಸಿ. ಕುಳಿಗಳು ಏಟು ತಿಂದಿದ್ದರೆ ಈ ಎರಡು ಅಕ್ಷಗಳು ಒಂದಾಗಿರುವುದಿಲ್ಲ. ಆಗ ಲೇತಿನ ಮೇಲೆಯೇ ಡಯಲು ಹಚ್ಚಿ ನೋಡಿದವನಿಗೆ ಮುಳ್ಳು ಅಲುಗುವುದೇ ಇಲ್ಲ. ಕೆಲಸ ಚೊಕ್ಕಟವಾಗಿದೆಯೆಂದು ಅವನು ಬರೆದುಕೊಡುತ್ತಾನೆ. ಅದೇ ಉರುಳೆ ಯಂತ್ರದಲ್ಲಿ ಕುಳಿತಾಗ, ಅಕ್ಷವು 0.05 ಮಿ.ಮೀ. ಸರಿದಿದ್ದರೆ, ಮೈ ಪ್ರತಿ ಸುತ್ತಿಗೂ 0.10 ಮಿ.ಮೀ. ಹೊಯ್ದಾಡುತ್ತದೆ. ಒಂದು ಮಗ್ಗುಲಲ್ಲಿ ಎಲೆ ಸರಿಯಾಗಿ ಹರಿಯದೆ ಜಾರುತ್ತದೆ, ಇನ್ನೊಂದು ಮಗ್ಗುಲಲ್ಲಿ ಹಲ್ಲಿಗೆ ಹಲ್ಲು ತಾಕೀತು. ಅಳೆದವನು ಸುಳ್ಳು ಬರೆಯಲಿಲ್ಲ. ಅವನು ಹಿಡಿದ ಆಧಾರವೇ ಬೇರೆಯಾಗಿತ್ತು. ಈ ಆಧಾರವನ್ನೇ ಇಂಜಿನಿಯರರು ಡೇಟಮ್ ಎನ್ನುತ್ತಾರೆ. ಸಹಿಸಬಹುದಾದ ವ್ಯತ್ಯಾಸದ ಮಿತಿಗೆ ಟಾಲರೆನ್ಸ್ ಎಂದು ಹೆಸರು.

ಇನ್ನು ಯಂತ್ರದ ವಿಚಾರ. ಕೋಆರ್ಡಿನೇಟ್ ಮೆಷರಿಂಗ್ ಮೆಷಿನ್ ಎಂಬ ಉದ್ದ ಹೆಸರನ್ನು ಕಾರ್ಖಾನೆಯವರು ಸಿ.ಎಂ.ಎಂ. ಎಂದು ಮೊಟಕುಮಾಡಿಕೊಂಡಿದ್ದಾರೆ. ಸಾಮಾನ್ಯವಾಗಿ ನಯವಾದ ಗ್ರಾನೈಟಿನ ಹಾಸು, ಪರಸ್ಪರ ಲಂಬವಾದ ಮೂರು ದಾರಿಗಳಲ್ಲಿ ಚಲಿಸುವ ತೋಳು, ತೋಳಿನ ತುದಿಯಲ್ಲಿ ಮಾಣಿಕ್ಯದ ಪುಟ್ಟ ಗುಂಡು. ಗುಂಡು ತಾಕಿದೊಡನೆ ಆ ಬಿಂದುವಿನ ಸ್ಥಾನ ಗಣಕಯಂತ್ರಕ್ಕೆ ತಿಳಿಯುತ್ತದೆ. ಇಂಥ ಸ್ಪರ್ಶಸಾಧನವನ್ನು 1972ರಲ್ಲಿ ಡೇವಿಡ್ ಮ್ಯಾಕ್‌ಮರ್ಟ್ರಿ ಎಂಬುವರು, ಕಾಂಕಾರ್ಡ್ ವಿಮಾನದ ಎಂಜಿನಿನ ಕೊಳವೆಗಳನ್ನು ಅಳೆಯುವ ತೊಡಕನ್ನು ಬಿಡಿಸಲು ಕಂಡುಹಿಡಿದರು. ಅಳತೆಯ ಕೋಣೆಯ ಶಾಖವನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದಿಡುವುದು ವಾಡಿಕೆ. ಒಂದು ಮೀಟರು ಉಕ್ಕು ಒಂದು ಡಿಗ್ರಿಗೆ ಸುಮಾರು 0.0115 ಮಿ.ಮೀ. ಹಿಗ್ಗುತ್ತದೆ.

ಗಣಕಯಂತ್ರಕ್ಕೆ ಗೊತ್ತಿರುವುದು ಬಿಂದುಗಳು ಮಾತ್ರ. ಅವುಗಳಿಂದ ಸಮತಲ, ವೃತ್ತ, ಕೊಳವೆಗಳನ್ನು ಅದರ ತಂತ್ರಾಂಶವು ಕಟ್ಟುತ್ತದೆ. ಯಾವುದನ್ನು ಯಾವುದರ ಮೇಲೆ ಕಟ್ಟಬೇಕೆಂಬುದನ್ನು ನಾವು ಹೇಳಬೇಕು. ಒಂದು ಆಯತಾಕಾರದ ಫಲಕದಲ್ಲಿ ಒಂದು ರಂಧ್ರವಿದೆಯೆನ್ನಿ. ನಕ್ಷೆಯಲ್ಲಿ ಎ, ಬಿ, ಸಿ ಎಂದು ಕ್ರಮವಾಗಿ ಆಧಾರಗಳನ್ನು ಕೊಟ್ಟಿದೆ: ಎ ತಳ, ಬಿ ಉದ್ದನೆಯ ಅಂಚು, ಸಿ ಗಿಡ್ಡ ಅಂಚು. ತಳಕ್ಕೆ ಕನಿಷ್ಠ ಮೂರು ಬಿಂದು ಬೇಕು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಕುಂಟುವುದಿಲ್ಲವಷ್ಟೆ. ಬಿ ಅಂಚಿಗೆ ಎರಡು ಬಿಂದು, ಆಗ ಫಲಕ ತಿರುಗದು. ಸಿ ಅಂಚಿಗೆ ಒಂದೇ ಸಾಕು, ಆಗ ಜಾರದು.

ಈ ಕ್ರಮವನ್ನು ಅದಲುಬದಲು ಮಾಡಿದರೆ ಏನಾಗುತ್ತದೆ? ಎರಡು ಅಂಚುಗಳು ಪರಸ್ಪರ ಲಂಬವಾಗಿರದೆ 100 ಮಿ.ಮೀ.ಗೆ 0.1 ಮಿ.ಮೀ.ನಷ್ಟು ಓರೆಯಾಗಿವೆಯೆಂದು ಭಾವಿಸಿ. ಬಿ ಅಂಚಿಗೆ ಪ್ರಾಶಸ್ತ್ಯ ಕೊಟ್ಟು ಅಳೆದಾಗ ಸರಿಯಾದ ಸ್ಥಾನದಲ್ಲಿದ್ದ ರಂಧ್ರವು, ಸಿ ಅಂಚಿಗೆ ಪ್ರಾಶಸ್ತ್ಯ ಕೊಟ್ಟೊಡನೆ 0.1 ಮಿ.ಮೀ.ನಷ್ಟು ಸರಿದಂತೆ ಕಾಣಬಹುದು. ಸ್ಥಾನದ ಮಿತಿಯು 0.1 ಮಿ.ಮೀ. ವ್ಯಾಸದ ವೃತ್ತವಾಗಿದ್ದರೆ ರಂಧ್ರದ ಕೇಂದ್ರವು ಯಾವ ಕಡೆಗೂ 0.05 ಮಿ.ಮೀ.ಗಿಂತ ಹೆಚ್ಚು ಸರಿಯುವಂತಿಲ್ಲ. ವಸ್ತು ಒಂದೇ, ಯಂತ್ರ ಒಂದೇ, ಬಿಂದುಗಳೂ ಅವೇ. ತೀರ್ಪು ಮಾತ್ರ ತಿರುಗುಮುರುಗಾಯಿತು.

ತಂತ್ರಾಂಶದಲ್ಲಿ ಬೆಸ್ಟ್ ಫಿಟ್ ಎಂಬ ಇನ್ನೊಂದು ಅನುಕೂಲವಿದೆ. ತಪ್ಪುಗಳೆಲ್ಲ ಆದಷ್ಟು ಸಣ್ಣದಾಗಿ ಕಾಣುವಂತೆ ಅದು ಇಡೀ ವಸ್ತುವನ್ನು ಲೆಕ್ಕದಲ್ಲಿಯೇ ಸರಿಸಿ, ತಿರುಗಿಸಿ ಕೂಡಿಸುತ್ತದೆ. ದೋಷ ಎಲ್ಲಿ ಹುಟ್ಟಿತೆಂದು ಹುಡುಕುವವನಿಗೆ ಇದು ಬಹಳ ಉಪಕಾರಿ. ನಕ್ಷೆಯಲ್ಲಿ ಆಧಾರಗಳನ್ನು ಕೊಟ್ಟಿರುವಾಗ ಇದರಿಂದ ತೀರ್ಪು ಕೊಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಜೋಡಿಸುವ ಕಾರ್ಮಿಕನು ಬೋಲ್ಟು ಬಿಗಿಯುವಾಗ ಫಲಕವು ಹಾಗೆ ಸರಿದುಕೊಡುವುದಿಲ್ಲ. ಹಾಗೆಯೇ, ಬಿಂದುಗಳ ಸರಾಸರಿಯಿಂದ ಕಟ್ಟಿದ ಸಮತಲವು ಉಬ್ಬುಗಳ ನಡುವೆ ಹಾದುಹೋಗುತ್ತದೆ. ವಸ್ತು ನಿಜವಾಗಿ ಕೂರುವುದು ಉಬ್ಬುಗಳ ನೆತ್ತಿಯ ಮೇಲೆ. ಯಾವ ಲೆಕ್ಕ ಹಾಕಿದ್ದೇವೆಂಬುದನ್ನು ವರದಿಯಲ್ಲಿ ಕಾಣಿಸಬೇಕು.

ನಮ್ಮ ಉರುಳೆಯನ್ನೇ ಸಿ.ಎಂ.ಎಂ. ಮೇಲೆ ಇಡೋಣ. ಒಂದೇ ತುದಿಯ ಬೇರಿಂಗ್ ಭಾಗವನ್ನು ತಾಕಿ ಅಕ್ಷವನ್ನು ಕಟ್ಟಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ಭಾಗ 60 ಮಿ.ಮೀ. ಉದ್ದವಿದ್ದು ಅಲ್ಲಿ 0.005 ಮಿ.ಮೀ.ನಷ್ಟು ಓರೆ ನುಸುಳಿದರೆ, 900 ಮಿ.ಮೀ. ದೂರದ ಇನ್ನೊಂದು ತುದಿಯಲ್ಲಿ ಅದು 0.075 ಮಿ.ಮೀ. ಆಗಿ ಬೆಳೆದಿರುತ್ತದೆ, ನಿರ್ದೋಷಿಯಾದ ಉರುಳೆ ತಿರಸ್ಕೃತವಾಗುತ್ತದೆ. ಎರಡು ತುದಿಗಳ ಬೇರಿಂಗ್ ಭಾಗಗಳನ್ನೂ ಅಳೆದು, ಎರಡಕ್ಕೂ ಸಮಾನವಾದ ಒಂದೇ ಅಕ್ಷವನ್ನು ಕಟ್ಟಿ, ಆಮೇಲೆ ಮೈಯ ಹೊಯ್ದಾಟವನ್ನು ನೋಡಬೇಕು. ನಕ್ಷೆಯಲ್ಲಿ ಇದನ್ನು ಎ, ಬಿ ಎಂಬ ಎರಡಕ್ಷರಗಳ ನಡುವೆ ಒಂದು ಅಡ್ಡಗೆರೆಯಿಂದ ಸೂಚಿಸಿರುತ್ತಾರೆ. ನೋಡಲು ಸಣ್ಣ ಗೆರೆ. ಓದುವ ಕಣ್ಣಿಗೆ ಅದು ತಪ್ಪಬಾರದು.