ಮನಸ್ಸಿನ ಅಳತೆಗೆ ಊರಿನ ಮಾತು
ಚಾಮರಾಜನಗರದಲ್ಲಿ ಮನಃಶಾಸ್ತ್ರದ ಓದು ಮತ್ತು ಉದ್ಯೋಗ

ಮನಃಶಾಸ್ತ್ರ ಓದಿದವರಿಗೆ ಏನು ಕೆಲಸ ಸಿಗುತ್ತದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ವಿವರಗಳು ಕಾಲೇಜುಗಳಲ್ಲೇ ದೊರೆಯುತ್ತವೆ. ಶಾಲೆ, ವ್ಯಸನಮುಕ್ತಿ ಕೇಂದ್ರ, ಮಕ್ಕಳ ರಕ್ಷಣೆ, ಕಾರ್ಖಾನೆಯ ಸಿಬ್ಬಂದಿ ವಿಭಾಗ, ಅಧ್ಯಾಪನ ಹೀಗೆ ದಾರಿಗಳು ಹಲವು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಮಾತ್ರ ಸಾಮಾನ್ಯ ಎಂ.ಎ. ಅಥವಾ ಎಂ.ಎಸ್ಸಿ. ಸಾಲದು, ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮತ್ತು 1992ರ ಕಾಯ್ದೆಯಡಿ ನೋಂದಣಿ ಬೇಕು.

ಈ ಎಲ್ಲ ಕೆಲಸಗಳಿಗೂ ತಳಹದಿಯಾದ ಕೌಶಲ ಒಂದೇ: ಎದುರಿಗೆ ಕುಳಿತವರನ್ನು ಅವರ ಮಾತಿನಲ್ಲೇ ಅರಿಯುವುದು. ಆದ್ದರಿಂದ ಈ ಜಿಲ್ಲೆಯಲ್ಲಿ ಮನಃಶಾಸ್ತ್ರದ ಪ್ರಾಯೋಗಿಕ ಶಿಕ್ಷಣ ಕನ್ನಡದಲ್ಲಿ, ಅದರಲ್ಲೂ ಇಲ್ಲಿಯ ಆಡುಮಾತಿನಲ್ಲಿ ನಡೆಯಬೇಕೆಂಬುದು ನನ್ನ ವಾದ. ಇದು ಹೊಸ ಹಂಬಲವೇನಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿ ಜನರ ಕಿವಿಗೆ ತಲುಪಿದರು. ಅದೇ ದಶಕದಲ್ಲಿ ಧಾರವಾಡದ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಕಾಮತರ ಸಾಧನೆ ದೊಡ್ಡದು. ಆದರೆ ಅವರು ಹೋಲಿಕೆಗೆ ಹಿಡಿದದ್ದು ಆ ಕಾಲದ, ಆ ಭಾಗದ ಮಕ್ಕಳನ್ನು. ಹತ್ತು ವರ್ಷದ ಮಗುವಿನ ಮಾನಸಿಕ ವಯಸ್ಸು ಏಳೆಂದು ಬಂದರೆ ಬುದ್ಧಿಲಬ್ಧ (ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಅಂಕ) 70. ಬೌದ್ಧಿಕ ನ್ಯೂನತೆಯ ಗಡಿ ಅದರ ಆಸುಪಾಸಿನಲ್ಲೇ ಇದೆ. ಪರೀಕ್ಷೆಯಲ್ಲಿ ‘ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿಸು’ ಎಂದಾಗ ಬಿಳಿಗಿರಿರಂಗನ ಬೆಟ್ಟದ ಪೋಡಿನ (ಕಾಡಿನ ಪುಟ್ಟ ವಸತಿಯ) ಸೋಲಿಗ ಮಗುವೋ ಬಂಡೀಪುರದಂಚಿನ ಹಾಡಿಯ ಜೇನುಕುರುಬ ಮಗುವೋ ಸುಮ್ಮನಾದರೆ, ಆ ಮೌನಕ್ಕೆ ಅಂಕವಿಲ್ಲ. ‘ಇದು ಬೇರೆ, ಅದು ಬೇರೆ ಹೆಂಗೆ?’ ಎಂದು ಕೇಳಿದ್ದರೆ ಉತ್ತರ ಬರುತ್ತಿತ್ತೇನೋ. ಅಂಥ ಎರಡು ಮೂರು ಮೌನಗಳು ಸೇರಿದರೆ ಮಗು ಗಡಿಯ ಆಚೆಗೆ ಬೀಳಬಹುದು.

ಪ್ರಶ್ನೆಗಳನ್ನು ಹೀಗೆ ಆಡುಮಾತಿಗೆ ತರುವುದನ್ನು ಒಪ್ಪದ ವಿದ್ವಾಂಸರಿದ್ದಾರೆ. ಪ್ರಶ್ನೆಯ ಮಾತು ಬದಲಾದರೆ ಪರೀಕ್ಷೆಯೇ ಕೆಡುತ್ತದೆ ಎನ್ನುತ್ತಾರೆ ಅವರು. ಪರೀಕ್ಷಕ ತನಗೆ ತೋಚಿದಂತೆ ಬದಲಿಸಿದರೆ ಅದು ನಿಜ. ಆದರೆ ಹಳೆಯ ಮಾತಿಗೇ ಜೋತುಬಿದ್ದರೆ ನಾವು ಅಳೆಯುವುದು ಬುದ್ಧಿಯನ್ನಲ್ಲ, ಪಠ್ಯಪುಸ್ತಕದ ಕನ್ನಡದ ಪರಿಚಯವನ್ನು. ಪರಿಹಾರವೆಂದರೆ ಇಲ್ಲಿಯ ಮಕ್ಕಳಿಂದಲೇ ಹೊಸ ಮಾನದಂಡ ಕಟ್ಟುವುದು. ಚಿತ್ರಗಳ ಪರೀಕ್ಷೆಗೆ ಭಾಷೆಯ ಹಂಗಿಲ್ಲವೆಂಬ ಇನ್ನೊಂದು ವಾದವೂ ಅರ್ಧಸತ್ಯವೇ: ಕಾಗದದ ಮೇಲಿನ ಗೆರೆ-ಆಕೃತಿಗಳ ಒಡನಾಟವೂ ಎಲ್ಲ ಮಕ್ಕಳಿಗೆ ಸಮನಾಗಿ ಸಿಕ್ಕಿರುವುದಿಲ್ಲ.

ಇಂಗ್ಲಿಷ್ ಇಲ್ಲದೆ ಉದ್ಯೋಗ ಎಲ್ಲಿ ಎಂಬ ಪೋಷಕರ ಆತಂಕ ಹೆಚ್ಚು ಗಂಭೀರವಾದದ್ದು. ಸಂಶೋಧನೆಯ ಓದಿಗೆ, ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಬೇಕೇ ಬೇಕು. ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ‘ಮೈಯೆಲ್ಲ ಉರಿ, ನಿದ್ದೆ ಬರಲ್ಲ, ಎದೆ ಡವಡವ ಅಂತದೆ’ ಎಂದು ಗುಂಡ್ಲುಪೇಟೆಯ ರೈತ ಮಹಿಳೆ ಹೇಳುವಾಗ, ಆ ದೇಹದ ದೂರಿನ ಹಿಂದಿರಬಹುದಾದ ಖಿನ್ನತೆಯನ್ನು ಗುರುತಿಸಲು ಇಂಗ್ಲಿಷ್ ಪಠ್ಯವೊಂದೇ ಸಾಕಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವುದನ್ನು ಹಕ್ಕೆಂದೇ ಕರೆದಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ 14416 ಮಾನಸಿಕ ಆರೋಗ್ಯ ಸಹಾಯವಾಣಿ ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಅಂದರೆ ಕನ್ನಡದ ಕೌಶಲಕ್ಕೂ ಉದ್ಯೋಗದ ಬೆಲೆ ಬಂದಿದೆ.

ಚಾಮರಾಜನಗರಕ್ಕೆ ಈಗ ತನ್ನದೇ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇವೆರಡೂ ಕೈಜೋಡಿಸಿ, ಗುಂಡ್ಲುಪೇಟೆಯ ಹೊಲದ ಮನೆಗಳಿಂದ ಬೆಟ್ಟದ ಪೋಡುಗಳವರೆಗೆ ಮಕ್ಕಳ ಉತ್ತರಗಳನ್ನು ತಂದೆತಾಯಿಯರ ಒಪ್ಪಿಗೆಯೊಂದಿಗೆ ಕಲೆಹಾಕಲಿ. ಆ ಕೆಲಸದಲ್ಲಿ ಸೋಲಿಗ ಮತ್ತು ಜೇನುಕುರುಬ ಸಮುದಾಯಗಳ ವಿದ್ಯಾರ್ಥಿಗಳೇ ಪರೀಕ್ಷಕರಾಗಿ ತರಬೇತಿ ಪಡೆಯಲಿ. ಹೊಸ ಮಾನದಂಡ ಸಿದ್ಧವಾಗುವವರೆಗೆ, ಮನೆಯಲ್ಲಿ ಮತ್ತು ಊರಿನಲ್ಲಿ ಮಗು ಏನೇನು ಮಾಡಬಲ್ಲದೆಂದು ವಿಚಾರಿಸದೆ, ಬರೀ ಅಂಕ ನೋಡಿ ಯಾವ ಮಗುವಿಗೂ ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರ ಬರೆಯಬಾರದು.